ಆಹಾರತಜ್ಞರ ಉನ್ನತ ಶಿಕ್ಷಣ: ಒಂದು ವಿಮರ್ಶೆ

ರೋಗಿಗೆ ಔಷಧವನ್ನು ಅಳೆದು ಕೊಡತಕ್ಕವನ ಹೆಸರು ಸರ್ಕಾರದ ಪಟ್ಟಿಯಲ್ಲಿ ದಾಖಲಾಗಿರಬೇಕೆಂದು 1948ರ ಫಾರ್ಮಸಿ ಕಾಯ್ದೆಯಲ್ಲಿಯೇ ವಿಧಿಸಿದ ನಮ್ಮ ದೇಶವು, ಅದೇ ರೋಗಿ ದಿನವೂ ಉಣ್ಣತಕ್ಕ ಅನ್ನದ ವಿಷಯದಲ್ಲಿ ಉಪದೇಶಮಾಡುವವರಿಗೆ ಯಾವ ವಿದ್ಯಾರ್ಹತೆ ಇರಬೇಕೆಂಬುದನ್ನು ಬಹುಕಾಲದವರೆಗೆ ಯಾವ ಶಾಸನದಲ್ಲಿಯೂ ಹೇಳದೆ ಬಿಟ್ಟಿತ್ತು. 1963ರಲ್ಲಿ ಸ್ಥಾಪಿತವಾದ ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ ಎಂಬ ಸಂಘವು, ಉನ್ನತ ವ್ಯಾಸಂಗವನ್ನೂ ಆಸ್ಪತ್ರೆಯಲ್ಲಿನ ತರಬೇತಿಯನ್ನೂ ಮುಗಿಸಿ ಪರೀಕ್ಷೆಯಲ್ಲಿ ಉತ್ತೀರ್ಣರಾದವರಿಗೆ ‘ರಿಜಿಸ್ಟರ್ಡ್ ಡಯಟೀಷಿಯನ್’ ಎಂಬ ಅಭಿಧಾನವನ್ನು ಕೊಡುತ್ತ ಬಂದಿತಾದರೂ ಅದು ವೃತ್ತಿಬಾಂಧವರು ತಾವಾಗಿಯೇ ಹಾಕಿಕೊಂಡ ಕಟ್ಟುಪಾಡೇ ಹೊರತು ರಾಜ್ಯದ ಆಜ್ಞೆಯಾಗಿರಲಿಲ್ಲ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಅಲೈಡ್ ಮತ್ತು ಆರೋಗ್ಯಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯು ಡಯಟೀಷಿಯನ್ನರನ್ನೂ ಪೋಷಣತಜ್ಞರನ್ನೂ ತನ್ನ ಅನುಸೂಚಿಯಲ್ಲಿ ಸೇರಿಸಿಕೊಂಡುದರಿಂದ, ಈ ವಿದ್ಯೆಗೆ ಸಲ್ಲಬೇಕಾಗಿದ್ದ ಸ್ಥಾನವು ತಡವಾಗಿಯಾದರೂ ದೊರೆತಿದೆ. ಇದನ್ನು ನಾನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. ಸ್ವಾಗತಿಸಿದ ಬಳಿಕ, ಆ ಪಟ್ಟಿಗೆ ಸೇರಲು ನಮ್ಮ ತರುಣ ತರುಣಿಯರು ಪಡೆಯುತ್ತಿರುವ ಶಿಕ್ಷಣವು ಎಂತಹದೆಂಬುದನ್ನು ಪರೀಕ್ಷಿಸಿ ನೋಡುವುದು ಕರ್ತವ್ಯವಾಗುತ್ತದೆ.

ಈ ಶಿಕ್ಷಣದ ಗುಣವನ್ನು ಮೊದಲು ಹೇಳಬೇಕು, ಅದು ಸಾಮಾನ್ಯವಾದುದಲ್ಲ. ಪೋಷಣಶಾಸ್ತ್ರದ ಎಂ.ಎಸ್ಸಿ. ತರಗತಿಗೆ ಸೇರಿದ ವಿದ್ಯಾರ್ಥಿನಿಯು ಜೀವರಸಾಯನ, ಶರೀರಕ್ರಿಯಾಶಾಸ್ತ್ರ, ರೋಗಾವಸ್ಥೆಯ ಪಥ್ಯ, ಸಂಖ್ಯಾಶಾಸ್ತ್ರ ಇವುಗಳನ್ನು ಕ್ರಮವಾಗಿ ಓದಿ, ಒಂದು ಪ್ರಬಂಧವನ್ನೂ ಬರೆಯುತ್ತಾಳೆ. ಅವಳ ಕೈಯಲ್ಲಿ ಸದಾ ಇರುವ ಆಹಾರ ಮೌಲ್ಯದ ಕೋಷ್ಟಕಗಳ ಹಿಂದೆ ಒಂದು ಶತಮಾನದ ದುಡಿಮೆಯಿದೆ. 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಕೂನೂರಿನಲ್ಲಿ ಬೆರಿಬೆರಿ ರೋಗದ ಕಾರಣವನ್ನು ಅರಸಲು ಆರಂಭಿಸಿದ ಸಣ್ಣ ಶೋಧನಶಾಲೆಯೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ಹೆಸರನ್ನು ಪಡೆಯಿತು. ಅದು ಇನ್ನೂ ಕೂನೂರಿನಲ್ಲಿದ್ದಾಗಲೇ ಆಯ್ಕ್ರಾಯ್ಡ್ ಮಹಾಶಯನು 1937ರಲ್ಲಿ ಭಾರತದ ಆಹಾರಗಳ ಮೌಲ್ಯವನ್ನು ಕುರಿತು ಒಂದು ಕಿರುಹೊತ್ತಗೆಯನ್ನು ಹೊರಡಿಸಿದನು, 1971ರಲ್ಲಿ ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು ಅದನ್ನು ಹೊಸದಾಗಿ ಕಟ್ಟಿದರು. 2017ರಲ್ಲಿ 528 ಆಹಾರಪದಾರ್ಥಗಳನ್ನು ದೇಶದ ಬೇರೆ ಬೇರೆ ಪ್ರದೇಶಗಳಿಂದ ತರಿಸಿ ಪರೀಕ್ಷಿಸಿದ ಬೃಹತ್ ಕೋಷ್ಟಕವು ಪ್ರಕಟವಾಯಿತು. ನೂರು ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಸುಣ್ಣದಂಶವಿದೆಯೆಂದು ಹಳೆಯ ಪುಸ್ತಕವೂ 364 ಮಿಲಿಗ್ರಾಂ ಇದೆಯೆಂದು ಹೊಸದೂ ಹೇಳುವಾಗ, ನಮ್ಮ ಬಯಲುಸೀಮೆಯ ಬಡವರ ಧಾನ್ಯದ ಹಿರಿಮೆಯು ಪ್ರಯೋಗಶಾಲೆಯ ಸಾಕ್ಷ್ಯದಿಂದ ಸ್ಥಿರಪಟ್ಟಿತು. ಇಂತಹ ಪರಂಪರೆಯನ್ನು ಓದಿ ಅರಗಿಸಿಕೊಂಡವರಿಗೂ, ಹದಿನೈದು ದಿನಗಳಲ್ಲಿ ತೂಕವಿಳಿಸುವೆನೆಂದು ಫಲಕ ತೂಗುಹಾಕಿದವರಿಗೂ ಇರುವ ಅಂತರವನ್ನು ಜನ ಅರಿಯಬೇಕು.

ಆದರೆ ಆ ಕೋಷ್ಟಕದಲ್ಲಿ ಅಚ್ಚಾಗಿರುವುದು ಬಹುಮಟ್ಟಿಗೆ ಹಸಿಯ ಪದಾರ್ಥದ ಮೌಲ್ಯ. ರೋಗಿಯ ಎಲೆಗೆ ಬರುವುದು ಬೆಂದ ಅಡುಗೆ. ಇವೆರಡರ ನಡುವಿನ ದಾರಿಯನ್ನು ನಮ್ಮ ವಿಶ್ವವಿದ್ಯಾನಿಲಯಗಳು ಸಾಕಷ್ಟು ಕಲಿಸುತ್ತಿಲ್ಲವೆಂಬುದೇ ನನ್ನ ಮುಖ್ಯ ಆಕ್ಷೇಪಣೆ.

ಒಂದು ಪ್ರಸಂಗವನ್ನು ವಿಚಾರಿಸೋಣ. ಮೂತ್ರಪಿಂಡಗಳು ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವ ರೋಗಿಯ ರಕ್ತದಲ್ಲಿ ಪೊಟಾಸಿಯಂ ಏರದಂತೆ ಕಾಯುವುದು ಪ್ರಾಣದ ಪ್ರಶ್ನೆ, ಲೀಟರಿಗೆ 3.5ರಿಂದ 5 ಮಿಲಿಮೋಲಿನವರೆಗೆ ಇರಬೇಕಾದ ಈ ಲವಣವು ಬಹಳ ಮಿತಿಮೀರಿದರೆ ಹೃದಯದ ಬಡಿತವೇ ನಿಂತುಹೋಗಬಹುದು. ಪೊಟಾಸಿಯಂ ನೀರಿನಲ್ಲಿ ಕರಗತಕ್ಕದ್ದು. ಆದುದರಿಂದ ಡಯಟೀಷಿಯನ್ನರು ಸೊಪ್ಪು ತರಕಾರಿಗಳನ್ನು ಸಣ್ಣಗೆ ಹೆಚ್ಚಿ, ಧಾರಾಳವಾಗಿ ನೀರಿಟ್ಟು ಬೇಯಿಸಿ, ಬಸಿದು ತಿನ್ನಬೇಕೆಂದು ವಿಧಿಸುತ್ತಾರೆ. ಪಠ್ಯಪುಸ್ತಕದಲ್ಲಿಯೂ ಹೀಗೆಯೇ ಇದೆ, ಶಾಸ್ತ್ರದೃಷ್ಟಿಯಿಂದ ಇದು ನಿರ್ದುಷ್ಟವಾದ ಉಪದೇಶ. ಈ ಚೀಟಿಯು ಮಂಡ್ಯದ ಕಡೆಯ ಒಂದು ಮನೆಗೆ ಹೋಯಿತೆನ್ನಿ. ಆ ಮನೆಯ ಗೃಹಿಣಿಗೆ ಸೊಪ್ಪನ್ನೂ ಕಾಳನ್ನೂ ಬೇಯಿಸಿ ಬಸಿಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ತಲೆತಲಾಂತರದಿಂದ ಬಂದ ಬಸ್ಸಾರಿನ ಕ್ರಮವೇ ಅದು. ಅವಳು ಬಸಿದ ಸೊಪ್ಪಿಗೆ ಒಗ್ಗರಣೆ ಕೊಟ್ಟು, ಕಾಯಿತುರಿ ಹಾಕಿ ಪಲ್ಯ ಮಾಡುತ್ತಾಳೆ. ಬಸಿದ ಕಟ್ಟಿಗೆ ಕಾಯಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಹುಣಿಸೆಹಣ್ಣನ್ನು ಅರೆದು ಕೂಡಿಸಿ ಸಾರು ಕಾಯಿಸುತ್ತಾಳೆ. ಆಸ್ಪತ್ರೆಯವರು ಹೇಳಿದ ಪಥ್ಯವನ್ನು ಚಾಚೂ ತಪ್ಪದೆ ಪಾಲಿಸಿದೆನೆಂಬ ನಂಬಿಕೆಯಿಂದ ಅವಳು ಬಡಿಸುವ ಆ ಸಾರಿನಲ್ಲಿ, ಸೊಪ್ಪಿನಿಂದ ಇಳಿದ ಪೊಟಾಸಿಯಮ್ಮು ಗಂಡನ ಎಲೆಗೆ ಮರಳಿ ಬರುತ್ತದೆ. ನೀರನ್ನು ಚೆಲ್ಲಬೇಕೆಂದು ಚೀಟಿಯಲ್ಲಿ ಬರೆದಿದ್ದರೂ ಕೆಲಸ ಪೂರೈಸುವುದಿಲ್ಲ. ಏಕೆಂದರೆ ಮುದ್ದೆಯನ್ನು ಅಗಿದು ತಿನ್ನುವ ರೂಢಿಯಿಲ್ಲ, ಸಾರಿಲ್ಲದೆ ಅದು ಗಂಟಲಲ್ಲಿ ಇಳಿಯುವುದಿಲ್ಲ. ಕಟ್ಟನ್ನು ಚೆಲ್ಲೆಂದವರು ಮುದ್ದೆಗೆ ಮತ್ತೇನನ್ನು, ಎಷ್ಟು ಬಡಿಸಬೇಕೆಂಬುದನ್ನು ಆ ತಾಯಿಯೊಡನೆ ಕುಳಿತು ಗೊತ್ತುಮಾಡಿಕೊಡಬೇಕು. ಹಾಗೆ ಕುಳಿತು ಮಾತನಾಡುವ ವಿದ್ಯೆಗೆ ನಮ್ಮ ಪರೀಕ್ಷೆಗಳಲ್ಲಿ ಅಂಕಗಳು ಅತ್ಯಲ್ಪ.

ಅಳತೆಯ ವಿಷಯದಲ್ಲಿಯೂ ಇದೇ ಕೊರತೆ. ಮಧುಮೇಹಿಗಳ ಆಹಾರವನ್ನು ಸಮಮೌಲ್ಯದ ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಬದಲಾಗಿ ಇನ್ನೊಂದನ್ನು ತಿನ್ನಬಹುದೆಂದು ತೋರಿಸುವ ವಿನಿಮಯ ಪಟ್ಟಿಗಳು 1950ರಲ್ಲಿ ಅಮೆರಿಕದಲ್ಲಿ ಹುಟ್ಟಿದುವು. ಅವುಗಳ ತತ್ತ್ವವು ಸೊಗಸಾದುದು; ಆದರೆ ಬ್ರೆಡ್ಡಿನ ತುಂಡಿಗೆ ಇರುವ ನಿಶ್ಚಿತವಾದ ಅಳತೆ ಮುದ್ದೆಗೆ ಎಲ್ಲಿಂದ ಬರಬೇಕು? ‘ದಿನಕ್ಕೆ ಒಂದೇ ಮುದ್ದೆ ಉಣ್ಣಿ’ ಎಂದು ಹೇಳಿ ಕಳುಹಿಸಿದರೆ, ಕಚೇರಿಯಲ್ಲಿ ಕುಳಿತು ದುಡಿಯುವವನ ಮನೆಯ ಮುದ್ದೆಗೂ ಗದ್ದೆಯಲ್ಲಿ ದುಡಿಯುವವನ ಮನೆಯ ಮುದ್ದೆಗೂ ಗಾತ್ರದಲ್ಲಿ ಇಮ್ಮಡಿ ವ್ಯತ್ಯಾಸವಿರುವುದುಂಟು. ಹಿಟ್ಟನ್ನು ತೂಗಿ, ತೊಳಸಿ, ಕಟ್ಟಿ, ಬೆಂದ ಮುದ್ದೆಯನ್ನು ಮತ್ತೆ ತೂಗಿ ನೋಡಿದ ವಿದ್ಯಾರ್ಥಿನಿಗೆ ಈ ಪ್ರಶ್ನೆ ತಾನಾಗಿಯೇ ಹೊಳೆಯುತ್ತದೆ. ಕೋಷ್ಟಕವನ್ನು ಮಾತ್ರ ಕೂಡಿಸಿ ಗುಣಿಸಿದವಳಿಗೆ ಹೊಳೆಯುವುದು ಕಷ್ಟ.

ಈ ವೃತ್ತಿಯು ಸಂಘಟಿತವಾದ ಅಮೆರಿಕದ ನಿದರ್ಶನವನ್ನೂ ನೋಡಬಹುದು. 1917ರಲ್ಲಿ, ಯುದ್ಧಕಾಲದ ಆಹಾರಚಿಂತೆಯ ನಡುವೆ, ಲೆನಾ ಕೂಪರ್ ಮತ್ತು ಲೂಲು ಗ್ರೇವ್ಸ್ ಎಂಬ ಮಹಿಳೆಯರ ಮುಂದಾಳತನದಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ಅಲ್ಲಿಯ ಡಯಟೆಟಿಕ್ ಸಂಘವು ಹುಟ್ಟಿತು. ಬಹುಕಾಲ ಪದವೀಧರರಿಗೆ ತೆರೆದಿದ್ದ ನೋಂದಣಿಯ ಪರೀಕ್ಷೆಗೆ, 2024ರ ಜನವರಿ 1ರಿಂದ ಸ್ನಾತಕೋತ್ತರ ಪದವಿಯೇ ಕನಿಷ್ಠ ಅರ್ಹತೆಯಾಗಿದೆ. ಇದರಿಂದ ವೆಚ್ಚ ಹೆಚ್ಚಿ ಬಡವರ್ಗದ ಮಕ್ಕಳು ಹಿಂದುಳಿಯುವರೆಂಬ ಆಕ್ಷೇಪವು ಅಲ್ಲಿ ಎದ್ದುದು ನ್ಯಾಯವಾದುದೇ. ಇಲ್ಲಿಂದ ವ್ಯಾಸಂಗಕ್ಕೆಂದು ಅಲ್ಲಿಗೆ ಹೋಗುವ ನಮ್ಮ ಹುಡುಗಿಯರಿಗೂ ಆ ಹೊರೆ ತಪ್ಪದು. ನನ್ನ ಎಣಿಕೆಯಲ್ಲಿ ಆ ವ್ಯವಸ್ಥೆಯ ನಿಜವಾದ ಸಾರವಿರುವುದು, ಅನುಭವಿಗಳ ಮೇಲ್ವಿಚಾರಣೆಯಲ್ಲಿ ಕನಿಷ್ಠ 1000 ಗಂಟೆಗಳ ಕಾಲ ಕೆಲಸಮಾಡಿಯೇ ಪರೀಕ್ಷೆಗೆ ಕೂರತಕ್ಕದ್ದೆಂಬ ನಿಯಮದಲ್ಲಿ. ನಮ್ಮಲ್ಲಿಯೂ ಇಂಟರ್ನ್‌ಶಿಪ್ ಉಂಟು. ಆದರೆ ಆ ಕೆಲವು ತಿಂಗಳುಗಳು ಊಟದ ಟ್ರಾಲಿಗಳ ಲೆಕ್ಕವಿಡುವುದರಲ್ಲಿ, ವಾರ್ಡಿನಿಂದ ವಾರ್ಡಿಗೆ ಡಯಟ್ ಶೀಟುಗಳನ್ನು ತುಂಬುವುದರಲ್ಲಿ ಕಳೆದುಹೋಗುವುದನ್ನು ಬಲ್ಲವರು ಬಲ್ಲರು. ಟ್ರಾಲಿಯ ಲೆಕ್ಕವೂ ಅಗತ್ಯವೇ, ನಿಜ. ಆದರೆ ರೋಗಿಯೊಬ್ಬನು ಮನೆಗೆ ಮರಳಿದ ಮೇಲೆ ತಿಂಗಳ ಕಾಲ ಏನನ್ನು ಉಂಡನು, ಹೇಳಿದುದರಲ್ಲಿ ಯಾವುದು ನಡೆಯಿತು, ಯಾವುದು ನಡೆಯಲಿಲ್ಲ, ಏಕೆ ನಡೆಯಲಿಲ್ಲ ಎಂಬುದನ್ನು ಬೆನ್ನುಹತ್ತಿ ನೋಡುವ ಅವಕಾಶ ವಿದ್ಯಾರ್ಥಿನಿಗೆ ಒಮ್ಮೆಯೂ ದೊರೆಯದೆ ಅವಳಿಗೆ ಪ್ರಮಾಣಪತ್ರವನ್ನು ಕೊಡುವುದು, ಅವಳಿಗೂ ರೋಗಿಗೂ ಬಗೆಯುವ ಅನ್ಯಾಯ.

ಹೊಸ ಕಾಯ್ದೆಗೆ ಅನುಗುಣವಾಗಿ ಪಠ್ಯಕ್ರಮಗಳನ್ನು ತಿದ್ದುವ ಸಮಿತಿಗಳವರಲ್ಲಿ ನನ್ನ ವಿಜ್ಞಾಪನೆಯಿಷ್ಟು: ತತ್ತ್ವಭಾಗದ ಒಂದು ಪತ್ರಿಕೆಯನ್ನು ಕಡಮೆಮಾಡಿಯಾದರೂ, ಪ್ರತಿಯೊಬ್ಬ ವಿದ್ಯಾರ್ಥಿಯೂ ಕೆಲವು ಕುಟುಂಬಗಳ ಅಡುಗೆಮನೆಯನ್ನು ಕಣ್ಣಾರೆ ನೋಡಿ, ಅಲ್ಲಿಯ ಪಾತ್ರೆಗಳಲ್ಲಿಯೇ ಅಳೆದು, ಆ ಮನೆಯವರ ಮಾತಿನಲ್ಲಿಯೇ ಪಥ್ಯವನ್ನು ಬರೆದುಕೊಟ್ಟು, ಅದರ ಫಲವನ್ನು ಪರಿಶೀಲಿಸಿ ಒಪ್ಪಿಸುವುದನ್ನು ಕಡ್ಡಾಯಮಾಡಿರಿ, ಆ ಕೆಲಸಕ್ಕೆ ಪ್ರಬಂಧಕ್ಕೆ ಕೊಡುವಷ್ಟೇ ಅಂಕಗಳನ್ನು ಕೊಡಿರಿ, ಇಂಟರ್ನ್‌ಶಿಪ್ಪಿನ ಕಾಲದಲ್ಲಿ ಜೀವನಕ್ಕೆ ಸಾಲುವಷ್ಟು ವೇತನವನ್ನು ಗೊತ್ತುಮಾಡಿರಿ.