ಜವಾಬ್ದಾರಿಯಿಂದ ಆಡಿ ಎಂದವರ ಜವಾಬ್ದಾರಿ

ಕ್ರಿಕೆಟ್ ಪಂದ್ಯಗಳ ನಡುವೆ ಬರುತ್ತಿದ್ದ ರಮ್ಮಿ, ಫ್ಯಾಂಟಸಿ ಲೀಗ್ ಜಾಹೀರಾತುಗಳ ಕೊನೆಯ ಸಾಲು ಎಲ್ಲರಿಗೂ ನೆನಪಿರಬೇಕು. ಇದರಲ್ಲಿ ಹಣಕಾಸಿನ ಅಪಾಯವಿದೆ, ಇದು ಚಟವಾಗಬಹುದು, ಜವಾಬ್ದಾರಿಯಿಂದ ಆಡಿ. ಜಾಹೀರಾತು ಉದ್ಯಮದ ಸ್ವಯಂನಿಯಂತ್ರಣ ಸಂಸ್ಥೆಯಾದ ಎಎಸ್‌ಸಿಐ 2020ರ ಡಿಸೆಂಬರ್‌ನಲ್ಲಿ ಈ ಸಾಲನ್ನು ಕಡ್ಡಾಯ ಮಾಡಿತು. ಮುದ್ರಿತ ಜಾಹೀರಾತಿನಲ್ಲಿ ಶೇ 20ರಷ್ಟು ಜಾಗವನ್ನು ಅದಕ್ಕೇ ಬಿಡಬೇಕಿತ್ತು, ಟಿ.ವಿ.ಯಲ್ಲಿ ಮಾಮೂಲು ಮಾತಿನ ವೇಗದಲ್ಲೇ ಓದಬೇಕಿತ್ತು, ಆಟವನ್ನು ಸಂಪಾದನೆಯ ದಾರಿ ಎಂದು ಬಿಂಬಿಸುವಂತಿರಲಿಲ್ಲ. ನಿಯಮದಲ್ಲಿ ದೋಷವಿರಲಿಲ್ಲ. ದೋಷ ಇದ್ದದ್ದು ಅದರ ಹಿಂದಿನ ನಂಬಿಕೆಯಲ್ಲಿ: ಎಚ್ಚರಿಸಿದರೆ ನಮ್ಮ ಕೆಲಸ ಮುಗಿಯಿತು, ಉಳಿದದ್ದು ಆಡುವವನ ಹಣೆಬರಹ.

ಬ್ರಿಟನ್ನಿನಲ್ಲಿ ಈ ನಂಬಿಕೆಯನ್ನು ಒರೆಗೆ ಹಚ್ಚಿ ನೋಡಿದ್ದಾರೆ. ‘ವೆನ್ ದ ಫನ್ ಸ್ಟಾಪ್ಸ್, ಸ್ಟಾಪ್’ ಎಂದು ಅಲ್ಲಿನ ಬೆಟ್ಟಿಂಗ್ ಕಂಪನಿಗಳು 2015ರಿಂದ ಹಾಕಿಕೊಳ್ಳುತ್ತಿದ್ದ ಘೋಷಣೆಯಲ್ಲಿ ‘ಫನ್’ ಮಾತ್ರ ದಪ್ಪಕ್ಷರದಲ್ಲಿ ಎದ್ದು ಕಾಣುತ್ತಿತ್ತು. ವಾರ್ವಿಕ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಯೋಗ ಮಾಡಿ ನೋಡಿದಾಗ, ಘೋಷಣೆ ಕಂಡವರು ಬಾಜಿ ಕಟ್ಟುವುದನ್ನು ಕಡಿಮೆಯೇನೂ ಮಾಡಿರಲಿಲ್ಲ.

ಕಡಿಮೆ ಮಾಡುವುದಾದರೂ ಹೇಗೆ? ರಾತ್ರಿ ಒಂದು ಗಂಟೆಗೆ ರಮ್ಮಿ ಆ್ಯಪ್ ತೆರೆದು ಕೂತವನ ಪರದೆಯನ್ನು ನೆನೆಸಿಕೊಳ್ಳಿ. ಒಂದೇ ಒಂದು ಎಲೆ ಕೈಕೊಟ್ಟು ಆಟ ಹೋಯಿತು. ಸೋತೆ ಎಂದು ಮನಸ್ಸಿಗೆ ಇಳಿಯುವ ಮೊದಲೇ ಮುಂದಿನ ಟೇಬಲ್ ಸಿದ್ಧ. ಹಣ ತುಂಬಲು ಯುಪಿಐ ಪಿನ್ ಸಾಕಿತ್ತು. ಗೆದ್ದದ್ದನ್ನು ತೆಗೆಯಹೊರಟರೆ ಮಾತ್ರ ಪಾನ್, ಬ್ಯಾಂಕ್ ವಿವರ ಎಲ್ಲ ಬೇಕಿತ್ತು. ಖಾತೆ ಬರಿದಾದರೆ ಅದೇ ಫೋನಿನಲ್ಲಿ ಸಾಲದ ಆ್ಯಪ್ ಇತ್ತು. ಇನ್ನೇನು ಗೆದ್ದೇಬಿಟ್ಟೆ ಅನ್ನಿಸುವ ಸೋಲು ಮತ್ತೆ ಆಡುವ ಆಸೆಯನ್ನು ಕೆರಳಿಸಬಹುದು. ಯಾವಾಗ ಬರುತ್ತದೆಂದು ಗೊತ್ತಿಲ್ಲದ ಬಹುಮಾನ ಎಷ್ಟು ಗಟ್ಟಿಯಾಗಿ ಕಟ್ಟಿಹಾಕುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ದಶಕಗಳ ಹಿಂದೆಯೇ ತೋರಿಸಿದ್ದರು.

ಹಳೆಯ ಜೂಜನ್ನು ನಾನು ಹೊಗಳುತ್ತಿಲ್ಲ. ಮಂಡ್ಯ, ಹಾಸನದ ಕಡೆ ಯುಗಾದಿಯ ಇಸ್ಪೀಟಿನಲ್ಲಿ ಮನೆ ಕಳೆದುಕೊಂಡವರಿದ್ದಾರೆ. ಆದರೂ ಅಲ್ಲಿ ಜೇಬು ಖಾಲಿಯಾದವನು ಏಳಬೇಕಿತ್ತು, ಹೆಂಡತಿಯೋ ತಮ್ಮನೋ ಬಂದು ಎಳೆದುಕೊಂಡು ಹೋಗಬಹುದಿತ್ತು, ಹಬ್ಬ ಮುಗಿದರೆ ಆಟವೂ ಮುಗಿಯುತ್ತಿತ್ತು. ಫೋನಿನ ಆಟಕ್ಕೆ ಇಂಥ ಯಾವ ಅಂಚೂ ಇಲ್ಲ, ಪಕ್ಕದಲ್ಲಿ ಮಲಗಿದವರಿಗೂ ಗೊತ್ತಾಗುವುದಿಲ್ಲ.

ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಜೂಜಿನ ವ್ಯಸನವನ್ನು 2013ರಲ್ಲಿ ಮದ್ಯ, ಮಾದಕ ವಸ್ತುಗಳ ಚಟದ ಅಧ್ಯಾಯಕ್ಕೇ ಸೇರಿಸಿತು. ಹೋದ ಹಣ ವಾಪಸು ತರುತ್ತೇನೆಂದು ಮರುದಿನ ಮತ್ತೆ ಕೂರುವುದು, ಮನೆಯಲ್ಲಿ ಸುಳ್ಳು ಹೇಳುವುದು ಅದರ ಲಕ್ಷಣಗಳು. ಗೇಮಿಂಗ್ ವ್ಯಸನವೂ 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿದೆ. ಎಷ್ಟು ಹೊತ್ತು ಆಡಬೇಕೆಂಬ ಹತೋಟಿ ಕೈತಪ್ಪುವುದೇ ಅದರ ಮೊದಲ ಲಕ್ಷಣ. ಹತೋಟಿ ತಪ್ಪಿದವನಿಗೆ ಹತೋಟಿಯಲ್ಲಿರು ಎನ್ನುವುದು ಮಲೇರಿಯಾ ಬಂದವನಿಗೆ ನಡುಗಬೇಡ ಎಂದ ಹಾಗೆ.

ಕಾನೂನಿನ ದಾರಿಯೂ ಸುತ್ತುಬಳಸಿನದು. ರಮ್ಮಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿದ ಮೇಲೆ ವಾದವೆಲ್ಲ ಕೌಶಲವೋ ಅದೃಷ್ಟವೋ ಎಂಬುದರ ಸುತ್ತಲೇ ತಿರುಗಿತು. ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಆ ಭೇದವನ್ನೇ ಬದಿಗಿಟ್ಟು, ಹಣ ಕಟ್ಟುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ, ಆಡಿದವನಿಗೆ ಶಿಕ್ಷೆಯಿಲ್ಲ. ಹೊಣೆಯನ್ನು ಸರಿಯಾದ ಹೆಗಲಿಗೆ ಹೊರಿಸಿದ್ದಕ್ಕಾಗಿ ಈ ಕಾಯ್ದೆಯನ್ನು ನಾನು ಮೆಚ್ಚುತ್ತೇನೆ. ಆದರೆ ಆ್ಯಪ್ ಮುಚ್ಚಿದ ದಿನವೇ ಚಟ ಹೋಗುವುದಿಲ್ಲ, ಸಾಲವಂತೂ ಹೋಗುವುದೇ ಇಲ್ಲ.

ಹಣವಿಲ್ಲದ ಕಡೆಯೂ ಎಚ್ಚರಿಕೆಯ ಅದೇ ರೂಢಿ ಮುಂದುವರಿದಿದೆ. ಯೂಟ್ಯೂಬ್ ‘ಸ್ವಲ್ಪ ವಿರಾಮ ತೆಗೆದುಕೊಳ್ಳಿ’ ಎಂದು ನೆನಪಿಸುತ್ತದೆ. ಬೆರಳು ತಾಗಿಸಿದರೆ ಆ ಸೂಚನೆ ಮಾಯ, ವಿಡಿಯೊ ಮುಂದಕ್ಕೆ. ಇದಕ್ಕೆ ಎದುರಾಗಿ ತಂತ್ರಜ್ಞಾನದ ಚಟಕ್ಕೆ ಚಿಕಿತ್ಸೆ ನೀಡಲು ನಿಮ್ಹಾನ್ಸ್ 2014ರಲ್ಲಿ ಬೆಂಗಳೂರಿನಲ್ಲಿ ತೆರೆದ ಶಟ್ ಕ್ಲಿನಿಕ್ಕಿನ ಕ್ರಮವನ್ನು ಇಟ್ಟು ನೋಡಬೇಕು. ಫೋನ್ ಕಿತ್ತುಕೊಳ್ಳಿ ಎನ್ನುವುದು ಅಲ್ಲಿನ ಚಿಕಿತ್ಸೆಯಲ್ಲ. ಅಲ್ಲಿಗೆ ಬಂದ ಹುಡುಗನ ನಿದ್ದೆ, ಒಂಟಿತನ, ಅಪ್ಪ ಅಮ್ಮನ ಜೊತೆಗಿನ ಮಾತುಕತೆ, ಆಟದಾಚೆಗೆ ಅವನಿಗೆ ಉಳಿದಿರುವ ಆಸಕ್ತಿ, ಇವುಗಳಿಂದ ಶುರು. ಮಗನನ್ನು ಬೈದು ಸಾಕಾದ ಮನೆಯವರೂ ಅಲ್ಲಿ ಚಿಕಿತ್ಸೆಯ ಭಾಗ. ಕೆಲಸ ನಿಧಾನದ್ದು, ಆದರೆ ಆಡುವವನನ್ನು ಮನುಷ್ಯನಾಗಿ ಕಾಣುವಂಥದ್ದು. ಇಂಥದ್ದು ಜಿಲ್ಲಾಸ್ಪತ್ರೆಗಳಲ್ಲೂ ಬೇಕು.

ಯಾರು ಯಾವ ಹೊತ್ತಿನಲ್ಲಿ ಎಷ್ಟು ಕಳೆದುಕೊಂಡರು ಎಂಬುದು ಹಣದ ಆಟ ಆಡಿಸುತ್ತಿದ್ದ ಕಂಪನಿಗಳ ಕಂಪ್ಯೂಟರಿನಲ್ಲಿ ಪೈಸೆ ಸಹಿತ ದಾಖಲಾಗುತ್ತಿತ್ತು. ಎಚ್ಚರಿಕೆಯ ಸಾಲಿನಲ್ಲಿ ಕಾಣಬೇಕಿದ್ದದ್ದು ಆ ಮೊತ್ತ: ಈ ತಿಂಗಳು ನೀವು ಕಳೆದುಕೊಂಡದ್ದು ಇಷ್ಟು. ಅದರ ಕೆಳಗೆ, ಕನ್ನಡದಲ್ಲೂ ಮಾತಾಡುವ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ, 14416.