ದೈತ್ಯವಾನರದ ಗಾತ್ರ ಮತ್ತು ರೂಪ: ಊಹೆಯ ಮಿತಿಗಳು

ಅಳಿದುಹೋದ ಪ್ರಾಣಿಯೊಂದರ ರೂಪವನ್ನು ಮರಳಿ ಕಟ್ಟುವಾಗ ಆಧಾರವೆಷ್ಟು, ಊಹೆಯೆಷ್ಟು ಎಂಬ ವಿವೇಚನೆ ಅಗತ್ಯ. ದಕ್ಷಿಣ ಚೀನಾದ ಜೈಗಾಂಟೊಪಿತಿಕಸ್ ಬ್ಲ್ಯಾಕಿ ಎಂಬ ದೈತ್ಯವಾನರದ ವಿಷಯದಲ್ಲಿ ಈ ವಿವೇಚನೆ ಹಲವು ಬಾರಿ ಸಡಿಲಗೊಂಡಿದೆ. ಎತ್ತರ 3 ಮೀಟರ್, ತೂಕ 200ರಿಂದ 300 ಕಿಲೋಗ್ರಾಂ ಎಂಬ ಅಂಕಿಗಳು ಜನಪ್ರಿಯ ಗ್ರಂಥಗಳಲ್ಲಿ ಮಾತ್ರವಲ್ಲದೆ ಸಂಶೋಧನ ಪ್ರಬಂಧಗಳಲ್ಲಿಯೂ ಪುನರುಕ್ತವಾಗುತ್ತಿವೆ. ಇವುಗಳ ಪರಾಮರ್ಶೆಯೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಆಧಾರಗಳನ್ನು ನೋಡಬಹುದು. 1935ರಲ್ಲಿ ಫಾನ್ ಕೋನಿಗ್ಸ್‌ವಾಲ್ಡ್ ಅವರು ಹಾಂಗ್‌ಕಾಂಗಿನ ಔಷಧದ ಅಂಗಡಿಯೊಂದರಲ್ಲಿ ‘ಡ್ರ್ಯಾಗನ್ ಹಲ್ಲು’ಗಳ ನಡುವೆ ಅಸಾಧಾರಣ ಗಾತ್ರದ ದವಡೆಹಲ್ಲೊಂದನ್ನು ಗುರುತಿಸಿದರು. 1956ರಿಂದ ಗುವಾಂಗ್ಸಿಯ ಲಿಯುಚೆಂಗ್ ಗುಹೆಯಲ್ಲಿ ಮೂರು ಕೆಳದವಡೆಗಳು ದೊರೆತವು. ಇಂದಿಗೂ ನಮ್ಮ ಕೈಯಲ್ಲಿರುವುದು ನಾಲ್ಕು ಕೆಳದವಡೆಗಳು ಹಾಗೂ ಸುಮಾರು 2000 ಬಿಡಿ ಹಲ್ಲುಗಳು ಮಾತ್ರ. ತಲೆಬುರುಡೆಯಾಗಲಿ, ಬೆನ್ನುಮೂಳೆಯಾಗಲಿ, ಕೈಕಾಲುಗಳ ಮೂಳೆಯಾಗಲಿ ಖಚಿತವಾಗಿ ದೊರೆತಿಲ್ಲ.

ಹಲ್ಲಿನಿಂದ ದೇಹವನ್ನು ಅಳೆಯುವ ಕ್ರಮದಲ್ಲಿಯೇ ಮೊದಲ ತೊಡಕಿದೆ. ಪೂರ್ವ ಆಫ್ರಿಕದ ಪ್ಯಾರಾಂತ್ರೋಪಸ್ ಬೋಯ್ಸಿಯ ದವಡೆಹಲ್ಲುಗಳು ನಮ್ಮ ಹಲ್ಲುಗಳಿಗಿಂತ ಬಹಳ ದೊಡ್ಡವು. ಅದರ ದೇಹವಾದರೋ ಮನುಷ್ಯನ ದೇಹಕ್ಕಿಂತ ದೊಡ್ಡದಲ್ಲ. ದೊಡ್ಡ ಹಲ್ಲು ದೊಡ್ಡ ದೇಹವನ್ನು ಸೂಚಿಸಬಹುದು, ಗಡುಸಾದ ಸಸ್ಯಾಹಾರವನ್ನೂ ಸೂಚಿಸಬಹುದು. ಜೈಗಾಂಟೊಪಿತಿಕಸ್‌ನ ದಪ್ಪ ಎನಾಮಲ್ ಮತ್ತು ಆಳವಾದ ದವಡೆ ಎರಡನೆಯ ಸಾಧ್ಯತೆಯನ್ನು ಕಡೆಗಣಿಸದಂತೆ ಎಚ್ಚರಿಸುತ್ತವೆ. ಈ ಎಚ್ಚರ ತಪ್ಪಿದರೆ ಆಗುವುದೇನೆಂಬುದಕ್ಕೆ ವೈಡನ್‌ರೈಕ್ ಅವರ 1946ರ ಪ್ರತಿಪಾದನೆ ನಿದರ್ಶನ. ಕೆಲವೇ ಹಲ್ಲುಗಳ ಬಲದಿಂದ ಅವರು ಇದನ್ನು ಮಾನವನ ದೈತ್ಯಪೂರ್ವಜನೆಂದು ಭಾವಿಸಿದರು. ಮುಂದೆ ದೊರೆತ ದವಡೆಗಳು ಇದು ವಾನರವೆಂಬುದನ್ನು ಸ್ಥಿರಪಡಿಸಿದವು.

ಎರಡನೆಯ ತೊಡಕು ಅಂಕಿಗಳ ಪರಸ್ಪರ ವಿರೋಧ. ದೇಹದ ಪ್ರಮಾಣ ಬದಲಾಗದಿದ್ದರೆ ತೂಕವು ಎತ್ತರದ ಘನಕ್ಕೆ ಅನುಗುಣವಾಗಿ ಏರುತ್ತದೆ. ನಿಂತಾಗ ಸುಮಾರು 1.7 ಮೀಟರ್ ಎತ್ತರದ, 160 ಕಿಲೋಗ್ರಾಂ ತೂಕದ ಗಂಡು ಗೊರಿಲ್ಲಾವನ್ನು ಮಾದರಿಯಾಗಿ ಇಟ್ಟುಕೊಂಡರೆ, 3 ಮೀಟರ್ ಎತ್ತರದ ವಾನರದ ತೂಕ ಸುಮಾರು 880 ಕಿಲೋಗ್ರಾಂ ಆಗಬೇಕು. ತೂಕ 300 ಕಿಲೋಗ್ರಾಂ ಎಂದಾದರೆ ಎತ್ತರ 2.1 ಮೀಟರನ್ನು ಮೀರದು. ಒರಾಂಗುಟಾನನ್ನು ಮಾದರಿಯಾಗಿಸಿದರೂ ಫಲಿತಾಂಶ ಹೆಚ್ಚು ಭಿನ್ನವಾಗದು. ಎರಡೂ ಅಂಕಿಗಳನ್ನು ಒಟ್ಟಿಗೆ ಒಪ್ಪುವುದೆಂದರೆ ಯಾವ ಮಹಾವಾನರಕ್ಕೂ ಇಲ್ಲದ ಕೃಶಕಾಯವನ್ನು ಇದಕ್ಕೆ ಆರೋಪಿಸಿದಂತಾಗುತ್ತದೆ.

ರೂಪದ ವಿಷಯದಲ್ಲಿ 2019ರ ಸಂಶೋಧನೆ ಗಮನಾರ್ಹ. ಚುಯಿಫೆಂಗ್ ಗುಹೆಯ 19 ಲಕ್ಷ ವರ್ಷ ಹಳೆಯ ಹಲ್ಲಿನ ಎನಾಮಲ್‌ನಿಂದ ಪಡೆದ ಪ್ರೋಟೀನುಗಳು ಒರಾಂಗುಟಾನ್ ಇದರ ಸಮೀಪಬಂಧು ಎಂಬುದನ್ನು ತೋರಿಸಿದವು. ಆದರೆ ಇವೆರಡರ ಕವಲುಗಳು ಅಗಲಿ ಒಂದು ಕೋಟಿ ವರ್ಷಗಳೇ ಕಳೆದಿವೆ. ಚಿತ್ರಕಾರರು ಬಳಿಯುವ ಕೆಂಗೂದಲು ಈ ಬಂಧುತ್ವದಿಂದ ಪ್ರೇರಿತವಾದ ಊಹೆಯೇ ಹೊರತು ಸಿದ್ಧವಾದ ಸಂಗತಿಯಲ್ಲ. ದವಡೆಯ ಹಿಂಭಾಗದ ಅಗಲವನ್ನು ಆಧರಿಸಿ ಗ್ರೋವರ್ ಕ್ರಾಂಟ್ಜ್ ಅವರು ಕಲ್ಪಿಸಿದ ನೆಟ್ಟನೆಯ ನಡಿಗೆಯೂ ಅಷ್ಟೆ. ಕಾಲಿನ ಮೂಳೆಯಿಲ್ಲದೆ ನಡಿಗೆಯನ್ನು ನಿರ್ಣಯಿಸಲಾಗದು.

ಭಾರತದ ಸಾಕ್ಷ್ಯವನ್ನೂ ಇಲ್ಲಿ ಬೇರ್ಪಡಿಸಿ ನೋಡಬೇಕು. ಹಿಮಾಚಲ ಪ್ರದೇಶದ ಬಿಲಾಸಪುರದ ಬಳಿ 1968ರಲ್ಲಿ ದೊರೆತ ದವಡೆಯನ್ನು 1969ರಲ್ಲಿ ಜೈಗಾಂಟೊಪಿತಿಕಸ್ ಕುಲಕ್ಕೇ ಸೇರಿಸಲಾಗಿತ್ತು. ಈಗ ಅದನ್ನು ಇಂಡೋಪಿತಿಕಸ್ ಎಂಬ ಬೇರೆ ಕುಲವೆಂದು ಪರಿಗಣಿಸಲಾಗುತ್ತದೆ. ಅದರಿಂದ ಚೀನಾದ ವಾನರದ ಗಾತ್ರವನ್ನು ಸಮರ್ಥಿಸುವುದು ಯುಕ್ತವಲ್ಲ.

ಇದು ಕೇವಲ ಅಂಕಿಗಳ ಜಿಜ್ಞಾಸೆಯಲ್ಲ. ಈ ವಾನರ 2.95ರಿಂದ 2.15 ಲಕ್ಷ ವರ್ಷಗಳ ಹಿಂದೆ ಅಳಿಯಿತೆಂದು 2024ರ ಅಧ್ಯಯನ ನಿರ್ಣಯಿಸಿದೆ. ಬದಲಾದ ಕಾಡಿಗೆ ಹೊಂದಿಕೊಳ್ಳಲಾಗದ್ದಕ್ಕೆ ಅದರ ಬೃಹತ್ ದೇಹವೂ ಒಂದು ಕಾರಣವೆಂದು ಹೇಳಲಾಗುತ್ತದೆ. ಅಳತೆಯೇ ಅನಿಶ್ಚಿತವಾದರೆ ಅದರ ಮೇಲೆ ನಿಂತ ವಿವರಣೆಯೂ ಅಷ್ಟರಮಟ್ಟಿಗೆ ಅನಿಶ್ಚಿತ. ಆದುದರಿಂದ ಯಾವ ವಾನರವನ್ನು ಮಾದರಿಯಾಗಿ ಬಳಸಲಾಯಿತೆಂಬುದನ್ನು ಪ್ರತಿ ಅಂದಾಜಿನೊಡನೆಯೂ ನಮೂದಿಸುವುದು ಸಂಶೋಧಕರ ಕರ್ತವ್ಯ. ದೈತ್ಯವೆಂಬ ಹೆಸರಿಗೆ ಆ ಹಲ್ಲುಗಳು ನಿಶ್ಚಯವಾಗಿಯೂ ಅರ್ಹ. ದೇಹದ ಅರ್ಹತೆಯನ್ನು ಮೂಳೆಗಳು ದೊರೆತಾಗ ನಿರ್ಣಯಿಸಬೇಕು.