ಬಾಗಿಲು ಮುಚ್ಚಿ ಕೇಳಿದ ಲೆಕ್ಕ

ಪ್ಯಾಟ್ರಿಕ್ ಲೆನ್ಸಿಯೋನಿಯವರ ‘ದಿ ಫೈವ್ ಡಿಸ್‌ಫಂಕ್ಷನ್ಸ್ ಆಫ್ ಎ ಟೀಮ್’ (2002) ಪುಸ್ತಕದ ಹೆಸರು ಕೇಳದ ಮ್ಯಾನೇಜರು ಬೆಂಗಳೂರಿನಲ್ಲಿ ಸಿಗುವುದು ಕಷ್ಟ. ಅದರ ಐದು ಹಂತದ ಪಿರಮಿಡ್ಡನ್ನು ಮತ್ತೆ ವಿವರಿಸಬೇಕಿಲ್ಲ. ನನ್ನ ತಕರಾರು ಕೆಳಗಿನಿಂದ ನಾಲ್ಕನೆಯ ಹಂತದ ಬಗ್ಗೆ: ಟೀಮಿನವರು ಪರಸ್ಪರ ಲೆಕ್ಕ ಕೇಳಬೇಕು, ಎಲ್ಲದಕ್ಕೂ ಬಾಸಿನ ಮುಖ ನೋಡಬಾರದು. ಮಾತು ಒಪ್ಪುವಂಥದ್ದೇ. ಆದರೆ ಲೇಖಕರು ಅದನ್ನು ಕಥೆಯಾಗಿ ಹೇಳಿದ್ದಾರೆ. ಕಥೆ ಅದನ್ನು ಒಪ್ಪುತ್ತದೆಯೇ?

ಡಿಸಿಷನ್‌ಟೆಕ್ ಎಂಬ ಕಲ್ಪಿತ ಕಂಪನಿಗೆ ಕ್ಯಾಥರಿನ್ ಹೊಸ ಮುಖ್ಯಸ್ಥೆ. ಮಾರ್ಕೆಟಿಂಗ್ ನೋಡಿಕೊಳ್ಳುವ ಮೈಕಿ ಜಾಣೆ. ಆದರೆ ಮೀಟಿಂಗಿನಲ್ಲಿ ಬೇರೆಯವರು ಮಾತಾಡುವಾಗ ಕಣ್ಣು ಹೊರಳಿಸುತ್ತಾಳೆ, ಕೊಂಕು ಆಡುತ್ತಾಳೆ. ಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕೆ? ಅವಳನ್ನು ಕೇಳಬೇಕಾದವರು ಪಕ್ಕದ ಕುರ್ಚಿಯವರು. ನಡೆಯುವುದೇ ಬೇರೆ. ಕ್ಯಾಥರಿನ್ ಮೈಕಿಯೊಬ್ಬಳನ್ನೇ ಕೂರಿಸಿಕೊಂಡು ಕೆಲಸದಿಂದ ಬಿಡಿಸುತ್ತಾಳೆ. ಉಳಿದವರಿಗೆ ಸುದ್ದಿ ಆಮೇಲೆ ತಿಳಿಯುತ್ತದೆ, ಅವರು ತಬ್ಬಿಬ್ಬಾಗುತ್ತಾರೆ. ಆ ತಬ್ಬಿಬ್ಬೇ ಲೇಖಕರ ವಿರುದ್ಧ ಸಾಕ್ಷಿ. ಲೆಕ್ಕ ಕೇಳಿದವರು ಅವರೇ ಆಗಿದ್ದರೆ ಅದರ ಫಲ ಕಂಡು ಬೆಚ್ಚಿಬೀಳುತ್ತಿದ್ದರೇ? ತಂಡ ಕೈಚೆಲ್ಲಿದಾಗ ನಾಯಕರೇ ಕೊನೆಯ ತೀರ್ಪುಗಾರರಾಗಬೇಕು ಎಂದು ಲೆನ್ಸಿಯೋನಿ ಬರೆದಿದ್ದಾರೆ, ನಿಜ. ಆದರೆ ಮೈಕಿ ಇರಬೇಕೋ ಹೋಗಬೇಕೋ ಎಂಬ ಪ್ರಶ್ನೆ ತಂಡದ ಮುಂದೆ ಬರುವುದೇ ಇಲ್ಲ.

ಹಾಗಾಗುವುದು ಆಕಸ್ಮಿಕವೂ ಅಲ್ಲ. ಇಂಕ್ರಿಮೆಂಟು, ರೇಟಿಂಗು, ಬಡ್ತಿ ಎಲ್ಲವೂ ಮೇಲಿನವರ ಕೈಯಲ್ಲಿರುವಾಗ ಸಹೋದ್ಯೋಗಿಯ ಮಾತಿಗೆ ಬಲ ಎಲ್ಲಿಂದ ಬರಬೇಕು? ಒಂದೇ ಒಳ್ಳೆಯ ರೇಟಿಂಗಿಗೆ ಇಬ್ಬರು ಪೈಪೋಟಿ ನಡೆಸುವ ಕಡೆ, ‘ಶುಕ್ರವಾರ ಕೊಡ್ತೀನಿ ಅಂದಿದ್ರಿ, ಇನ್ನೂ ಬಂದಿಲ್ವಲ್ಲ’ ಎಂದು ಎಲ್ಲರೆದುರು ಕೇಳಿದರೆ ಅದು ಕಾಳಜಿಯೋ ಚಾಡಿಯೋ ಎಂದು ಕೇಳಿಸಿಕೊಂಡವರಿಗೇ ಗೊಂದಲ. ಲೆನ್ಸಿಯೋನಿ ಇದನ್ನು ಮುಜುಗರದ ಸಮಸ್ಯೆ ಎಂದು ಓದುತ್ತಾರೆ. ಇದು ಅಧಿಕಾರದ ಸಮಸ್ಯೆ.

ಪುಸ್ತಕವನ್ನು ಒಪ್ಪದ ನಮ್ಮವರ ವಾದವೂ ಸೋಮಾರಿಯದೇ: ಇದೆಲ್ಲ ಅಮೆರಿಕದವರಿಗೆ ಸರಿ, ನಮಗೆ ದಾಕ್ಷಿಣ್ಯ ಅಡ್ಡ ಬರುತ್ತದಂತೆ. ಹಾಗಾದರೆ 12ನೇ ಶತಮಾನದ ಆಯ್ದಕ್ಕಿ ಲಕ್ಕಮ್ಮ ಎಲ್ಲಿಯವಳು? ಚೆಲ್ಲಿದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದಾಗ, ಇಷ್ಟು ನಮಗೇಕೆಂದು ಆಕ್ಷೇಪಿಸಿ ಹಿಂದಕ್ಕೆ ಕಳಿಸಿದಳು. ದೂರು ಬಸವಣ್ಣನವರವರೆಗೆ ಹೋಗಲಿಲ್ಲ. ಕಾಯಕ ಇಬ್ಬರದು, ದಾಸೋಹ ಇಬ್ಬರದು, ಎಷ್ಟು ಸಾಕೆಂಬ ಅಳತೆಯೂ ಇಬ್ಬರಿಗೂ ಗೊತ್ತಿದ್ದದ್ದೇ. ಕೇಳುವ ಹಕ್ಕು ಅವಳಿಗೆ ಯಾರೂ ದಯಪಾಲಿಸಬೇಕಾಗಿರಲಿಲ್ಲ.

ಅಳತೆ ಗೊತ್ತುಮಾಡುವ ಅಧಿಕಾರವನ್ನು ತನ್ನಲ್ಲೇ ಇಟ್ಟುಕೊಂಡು, ನಿಷ್ಠುರವಾಗುವ ಕೆಲಸವನ್ನಷ್ಟೇ ನೌಕರರ ಹೆಗಲಿಗೆ ದಾಟಿಸಬಯಸುವ ಕಂಪನಿಗೆ ಈ ಪುಸ್ತಕ ಬಲು ಅನುಕೂಲ. ಅದಕ್ಕೆ ಸಿಕ್ಕ ಜನಪ್ರಿಯತೆಯಲ್ಲಿ ಈ ಅನುಕೂಲದ ಪಾಲು ದೊಡ್ಡದೇ ಇರಬೇಕು.